ಹಳೇ ಶಿಯರಿಂಗ್ ಮಿಷಿನ್ ತಂದು ಕೂರಿಸಿ, ಗ್ಯಾಪ್ ಸೆಟ್ ಮಾಡಿದ ಕಥೆ

ನಮ್ದು ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಶೆಡ್ಡು, ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸ್ ಮಾಡ್ತೀವಿ, ಡೋರು, ಮೌಂಟಿಂಗ್ ಪ್ಲೇಟು, ಗ್ಲ್ಯಾಂಡ್ ಪ್ಲೇಟು ಇಂಥದ್ದೇ ದಿನಾ. ಬೆಂಡಿಂಗು, ವೆಲ್ಡಿಂಗು ನಮ್ಮಲ್ಲೇ ಆಗ್ತಿತ್ತು, ಶೀಟ್ ಕಟಿಂಗ್ ಮಾತ್ರ ಹೊರಗಡೆ ಜಾಬ್ ವರ್ಕಿಗೆ ಕೊಡ್ತಿದ್ವಿ. ಅವ್ರ ಹತ್ರ ಸರದಿ, ಟೆಂಪೋ ಬಾಡಿಗೆ, ಬಂದ ಪೀಸಲ್ಲಿ ಡಯಾಗನಲ್ (ಮೂಲೆಯಿಂದ ಮೂಲೆ ಅಳತೆ) ಸರಿ ಇಲ್ಲ, ವಾಪಸ್ ಕಳ್ಸೋಣ ಅಂದ್ರೆ ಡೆಲಿವರಿ ನಾಳೆ. ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಶಿಯರಿಂಗ್ ಮಿಷಿನ್ನೇ, ಅಂದ್ರೆ ಎರಡು ಉದ್ದ ಬ್ಲೇಡ್ ಮಧ್ಯೆ ಶೀಟನ್ನ ಕತ್ರಿ ಥರ ಕಟ್ ಮಾಡೋ ಮಿಷಿನ್ನು, ತಗೊಂಡ್ಬಿಡೋಣ ಅಂತ ತೀರ್ಮಾನ ಆಯ್ತು.

ಲೇಸರ್ ಇರೋ ಕಾಲದಲ್ಲಿ ಶಿಯರಿಂಗ್ ಯಾಕಪ್ಪ ಅಂತ ಬಹಳ ಜನ ಕೇಳಿದ್ರು. ತೂತು, ಕಟೌಟು ಇರೋ ಪೀಸಿಗೆ ಲೇಸರ್ರೇ ಸರಿ, ಅದ್ರಲ್ಲಿ ವಾದ ಇಲ್ಲ. ಆದ್ರೆ ಬರೀ ನೇರ ಕಟ್ಟು, ಚೌಕ ಪೀಸು, ಉದ್ದ ಪಟ್ಟಿ ಇಷ್ಟೇ ಬೇಕಾದಾಗ ಲೇಸರ್‌ನೋರು ಹೆಡ್ ಓಡಿದಷ್ಟು ಹೊತ್ತಿಗೆ ಬಿಲ್ ಹಾಕ್ತಾರೆ, ಇಲ್ಲಿ ಒಂದ್ಸಲ ಪೆಡಲ್ ತುಳಿದ್ರೆ ಎಂಟಡಿ ಉದ್ದ ಕಟ್ ಆಗಿ ಹಿಂದೆ ಬಿದ್ದಿರುತ್ತೆ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ನೇರ ಕಟ್ಟೇ.

ತಗೊಂಡಿದ್ದು ಮೆಕ್ಯಾನಿಕಲ್ ಮಿಷಿನ್ನು, ಅಂಡರ್ ಕ್ರ್ಯಾಂಕ್ ಮಾಡೆಲ್, ಅಂದ್ರೆ ಶಾಫ್ಟು, ಗೇರು ಎಲ್ಲಾ ಕೆಳಗಡೆ ಇರುತ್ತೆ. ಉದ್ದ 2500 ಮಿ.ಮೀ., ಕೆಪಾಸಿಟಿ 4 ಮಿ.ಮೀ., ಮೋಟ್ರು 7.5 ಎಚ್‌ಪಿ. ಆ 4 ಮಿ.ಮೀ. ಅನ್ನೋದು ಮೈಲ್ಡ್ ಸ್ಟೀಲಿಗೆ, ಎಸ್‌ಎಸ್ 304ಗೆ ಅಲ್ಲ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲು) ಇನ್ನೂ ಗಟ್ಟಿ, ಅದಕ್ಕೆ ಎರಡೂವರೆ ದಾಟದೇ ಇರೋದು ಒಳ್ಳೇದು. ಇದನ್ನ ಮಾರೋರು ಯಾರೂ ಹೇಳಲ್ಲ, ನಾವೇ ತಿಳ್ಕೊಂಡಿರ್ಬೇಕು. ನಮಗೆ ಮಾರಿದೋರು 'ಬ್ಲೇಡ್ ಈಗಷ್ಟೇ ಗ್ರೈಂಡ್ ಮಾಡ್ಸಿದೀವಿ ಸರ್, ತಗೊಂಡೋಗಿ ಕರೆಂಟ್ ಕೊಡಿ, ಓಡುತ್ತೆ' ಅಂದಿದ್ರು. ಓಡ್ತಿತ್ತೇನೋ ನಿಜ, ಓಡೋದು ಬೇರೆ ಕಟ್ ಆಗೋದು ಬೇರೆ.

ನನ್ನ ಪುಣ್ಯಕ್ಕೆ ನಮ್ಮ ಏರಿಯಾದಲ್ಲಿ ಒಬ್ರು ಹಿರಿಯ ಫಿಟ್ಟರ್ ಇದಾರೆ, ಜಾಲಹಳ್ಳಿ ಎಚ್‌ಎಂಟಿ ಮಿಷಿನ್ ಟೂಲ್ಸ್‌ನಲ್ಲಿ ಅಸೆಂಬ್ಲಿ ಮಾಡಿ ರಿಟೈರ್ ಆದೋರು, ಎಲ್ರೂ ಯಜಮಾನ್ರು ಅಂತಾನೇ ಕರೀತಾರೆ. ಮಿಷಿನ್ ನೋಡೋಕೆ ಕರ್ಕೊಂಡು ಹೋದಾಗ ಅವ್ರು ಬ್ಲೇಡ್ ಕಡೆ ತಿರುಗೂ ನೋಡ್ಲಿಲ್ಲ. ಎರಡೂ ಸೈಡ್ ಫ್ರೇಮಿನ ಗಂಟಲು ಅಂತಾರಲ್ಲ, ಆ ಸಿ ಆಕಾರದ ಮೂಲೆ, ಅಲ್ಲಿ ಬಣ್ಣ ಕೆರೆದು ಬಿರುಕು ಇದ್ಯಾ, ವೆಲ್ಡಿಂಗ್ ಪ್ಯಾಚ್ ಇದ್ಯಾ ನೋಡಿದ್ರು, ಆಮೇಲೆ ಒಂದು ಹಾರೆ ತಗೊಂಡು, ಮೇಲಿನ ಬ್ಲೇಡ್ ಹೊತ್ತು ಮೇಲೆ ಕೆಳಗೆ ಓಡಾಡೋ ರ‍್ಯಾಮ್ ಮೀಟಿ ಎಷ್ಟು ಅಲ್ಲಾಡುತ್ತೆ ನೋಡಿದ್ರು. 'ಬ್ಲೇಡ್ ದುಡ್ಡು ಕೊಟ್ರೆ ಸಿಗುತ್ತೆ ಕಣಪ್ಪ, ಫ್ರೇಮ್ ಸಿಗಲ್ಲ' ಅಂದ್ರು ಅಷ್ಟೇ.

ಶೆಡ್ಡಿಗೆ ತಂದಿಳಿಸಿದ್ದು ಹೈಡ್ರಾ ಕ್ರೇನಲ್ಲಿ, ಬಾಗ್ಲು ದಾಟಿದ್ಮೇಲೆ ಹೈಡ್ರಾ ಒಳಗೆ ಬರಲ್ಲ, ಪೈಪ್ ರೋಲರ್ ಹಾಕಿ ಹಾರೆಯಲ್ಲಿ ಮೀಟಿ ಮೀಟಿ ತಳ್ಳಿದ್ವಿ. ಈ ಮಿಷಿನ್ನಲ್ಲಿ ಫ್ಲೈವೀಲ್ (ಭಾರದ ದೊಡ್ಡ ಚಕ್ರ) ಕಡೆ ಭಾರ ಜಾಸ್ತಿ, ಬೆಲ್ಟು ಮಧ್ಯಕ್ಕೆ ಕಟ್ಟಿ ಎತ್ತಿದ್ರೆ ಒಂದ್ಕಡೆ ವಾಲುತ್ತೆ, ಅದಕ್ಕೆ ಮೊದ್ಲು ನೆಲದಿಂದ ನಾಲ್ಕು ಬೆರಳಷ್ಟೇ ಎತ್ತಿ ನೋಡಿ ಆಮೇಲೆ ಮುಂದಕ್ಕೆ.

ಇನ್ನು ಫೌಂಡೇಶನ್. ಶೆಡ್ ನೆಲದ ಕಾಂಕ್ರೀಟ್ ಮೇಲೆ ಸುಮ್ನೆ ಇಟ್ಟು ಆಂಕರ್ ಬೋಲ್ಟ್ ಹೊಡೆಯೋರು ಇದಾರೆ. ಈ ಮಿಷಿನ್ ಪ್ರತಿ ಸ್ಟ್ರೋಕಿಗೂ ನೆಲಕ್ಕೆ ಏಟು ಕೊಡುತ್ತೆ, ತೆಳು ನೆಲ ಆದ್ರೆ ಕೆಲವೇ ತಿಂಗಳಲ್ಲಿ ಒಂದು ಮೂಲೆ ಕುಸಿಯುತ್ತೆ. ನಾಲ್ಕು ಮೂಲೆಗೂ ಗುಂಡಿ ತೆಗೆದು, ಫೌಂಡೇಶನ್ ಬೋಲ್ಟ್ ಇಳಿಬಿಟ್ಟು, ಮಿಷಿನ್ನನ್ನ ವೆಡ್ಜ್ ಮೇಲೆ ಕೂರಿಸಿ, ಒಂದು ಸುತ್ತು ಲೆವೆಲ್ ನೋಡಿ, ನಾನ್ ಶ್ರಿಂಕ್ ಗ್ರೌಟ್ ಸುರಿದ್ವಿ. ಮಾಮೂಲಿ ಸಿಮೆಂಟ್ ಗಾರೆ ಒಣಗ್ತಾ ಸ್ವಲ್ಪ ಕುಗ್ಗುತ್ತೆ, ಆಗ ಬೋಲ್ಟ್ ಟೈಟ್ ಇದ್ರೂ ಕೆಳಗೆ ಗಾಳಿ ನಿಂತ್ಬಿಡುತ್ತೆ. ಗ್ರೌಟ್ ಗಟ್ಟಿಯಾಗೋವರೆಗೆ ಬೋಲ್ಟ್ ಮುಟ್ಟಬಾರ್ದು ಅಂತ ಯಜಮಾನ್ರ ಆರ್ಡರ್, ನಮಗೋ ಅವಸರ, ಆರ್ಡರ್ ಪೆಂಡಿಂಗ್, ಆದ್ರೂ ಕಾದ್ವಿ.

ಲೆವೆಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಮುಂದೆ ಬರೋ ಎಲ್ಲಾ ಸೆಟ್ಟಿಂಗಿಗೂ ಬುಡ ಇದೇ. ಗಾರೆ ಕೆಲಸದೋರ ರಸಮಟ್ಟ ಇಲ್ಲಿ ನಡೆಯಲ್ಲ. ಯಜಮಾನ್ರು ತಂದಿದ್ದು ಮಾಸ್ಟರ್ ಲೆವೆಲ್ಲು, ಅದ್ರಲ್ಲಿ ಗುಳ್ಳೆ ಒಂದು ಗೆರೆ ಸರಿದ್ರೆ ಮೀಟರಿಗೆ 0.02 ಮಿ.ಮೀ. ವ್ಯತ್ಯಾಸ. ಬೆಡ್ (ಶೀಟ್ ಇಡೋ ಮೇಜು) ಮೇಲೆ ಎಡಗಡೆ, ಮಧ್ಯ, ಬಲಗಡೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿದ್ರು. ಉದ್ದಕ್ಕೆ ಒಂದೆರಡು ಗೆರೆ ಆಚೀಚೆ ಆದ್ರೆ ಅಷ್ಟೇನೂ ತಲೆ ಕೆಡಿಸ್ಕೊಳ್ಳಲ್ಲ ಅವ್ರು, ಆದ್ರೆ ಅಡ್ಡಕ್ಕೆ ಎಡಗಡೆ ಒಂದು ಥರ ಬಲಗಡೆ ಇನ್ನೊಂದು ಥರ ತೋರಿಸ್ತಾ ಅಂದ್ರೆ ಮಿಷಿನ್ನೇ ತಿರುಚ್ಕೊಂಡಿದೆ ಅಂತ ಅರ್ಥ, ಅದನ್ನ ಬಿಡೋದಿಲ್ಲ. ಒಂದು ಕಾಲು ಗಾಳಿಯಲ್ಲಿದ್ದಾಗ ಆ ಬೋಲ್ಟನ್ನ ಜೋರಾಗಿ ಟೈಟ್ ಮಾಡಿದ್ರೆ ಫ್ರೇಮೇ ಎಳ್ಕೊಂಡು ಬಾಗುತ್ತೆ, ಆಗ ಬ್ಲೇಡ್ ಗ್ಯಾಪ್, ಅಂದ್ರೆ ಮೇಲಿನ ಕೆಳಗಿನ ಬ್ಲೇಡ್ ಮಧ್ಯದ ಸಂದಿ, ಒಂದ್ಕಡೆ ತನ್ನಷ್ಟಕ್ಕೆ ತಾನೇ ಬದಲಾಗಿರುತ್ತೆ, ನಾವು ಬ್ಲೇಡನ್ನ ಬೈಕೊಂಡು ಕೂತಿರ್ತೀವಿ. ಅದಕ್ಕೆ ಬೋಲ್ಟು ಟೈಟ್ ಮಾಡೋದು ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪ, ಪ್ರತಿ ಸುತ್ತಿಗೂ ಲೆವೆಲ್ ಇಟ್ಟು ನೋಡ್ಕೊಂಡು.

ಕರೆಂಟ್ ಕೆಲಸದಲ್ಲಿ ಒಂದೇ ಮುಖ್ಯ ವಿಷಯ. ಬೆಲ್ಟ್ ಹಾಕೋಕೆ ಮುಂಚೆ ಮೋಟ್ರನ್ನ ಒಂಟಿಯಾಗಿ ಓಡಿಸಿ ತಿರುಗೋ ದಿಕ್ಕು ನೋಡ್ಬೇಕು. ಫ್ಲೈವೀಲ್ ಮೇಲೆ ಬಾಣದ ಗುರುತು ಇರುತ್ತೆ. ಮೂರು ಫೇಸಲ್ಲಿ ಯಾವ್ದಾದ್ರೂ ಎರಡು ಅದಲು ಬದಲು ಆದ್ರೆ ಉಲ್ಟಾ ತಿರುಗುತ್ತೆ, ಕೀ ಕ್ಲಚ್ (ಫ್ಲೈವೀಲನ್ನ ಶಾಫ್ಟಿಗೆ ಕೀಲಿನಿಂದ ಸೇರಿಸೋ ಕ್ಲಚ್) ಇರೋ ಮಿಷಿನ್ನಲ್ಲಿ ಉಲ್ಟಾ ತಿರುಗಿಸಿ ಪೆಡಲ್ ತುಳಿದ್ರೆ ಕ್ಲಚ್ಚಿನ ಕೀ ಹೋಗುತ್ತೆ. ವಿ ಬೆಲ್ಟ್ ಹಾಕೋವಾಗ ಹಳೇದೊಂದು ಹೊಸದೊಂದು ಸೇರಿಸ್ಬಾರ್ದು, ಅಷ್ಟೂ ಒಟ್ಟಿಗೆ ಹೊಸ ಸೆಟ್ಟೇ ಹಾಕ್ಬೇಕು, ಇಲ್ಲಾಂದ್ರೆ ಹೊಸದೊಂದೇ ಭಾರ ಎಳೆದು ಬೇಗ ಕಿತ್ತೋಗುತ್ತೆ.

ಕ್ಲಚ್ಚು, ಬ್ರೇಕು ಎರಡನ್ನೂ ಶೀಟ್ ಇಲ್ದೆ ಚೆಕ್ ಮಾಡಿದ್ವಿ. ಒಂದ್ಸಲ ತುಳಿದ್ರೆ ಒಂದೇ ಸ್ಟ್ರೋಕ್ ಹೊಡೆದು ಬ್ಲೇಡ್ ಪೂರ್ತಿ ಮೇಲೆ ಹೋಗಿ ನಿಲ್ಬೇಕು. ನಮ್ದು ಮೇಲೆ ಹೋಗಿ ನಿಂತು ನಿಧಾನಕ್ಕೆ ಸ್ವಲ್ಪ ಕೆಳಗೆ ಜಾರ್ತಿತ್ತು, ಬ್ರೇಕ್ ಲೈನರ್ ಮೇಲೆ ಎಣ್ಣೆ ಕೂತಿತ್ತು. ಅದನ್ನ ಬಿಚ್ಚಿ ಹೊಸ ಲೈನರ್ ಹಾಕಿಸೋವರೆಗೆ ಯಜಮಾನ್ರು ಒಂದು ತುಂಡು ಶೀಟನ್ನೂ ಒಳಗೆ ಇಡೋಕೆ ಬಿಡ್ಲಿಲ್ಲ. ಕಾಲು ತೆಗೆದ್ಮೇಲೂ ಎರಡನೇ ಸ್ಟ್ರೋಕ್ ಹೊಡೆಯೋ ಮಿಷಿನ್ನೇ ಬೆರಳು ತೆಗೆಯೋದು. ಮುಂದಿನ ಫಿಂಗರ್ ಗಾರ್ಡ್ ಹಳೇ ಓನರ್ ಬಿಚ್ಚಿ ಎಸೆದಿದ್ರು, ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಬಹಳ ಕಡೆ ಹಂಗೇ ಮಾಡ್ತಾರೆ. 1948ರ ಫ್ಯಾಕ್ಟರೀಸ್ ಆ್ಯಕ್ಟಲ್ಲಿ ಅಪಾಯದ ಭಾಗಗಳಿಗೆ ಗಾರ್ಡ್ ಇರ್ಲೇಬೇಕು ಅಂತಿತ್ತು, 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆ ಅದು, ಕಾನೂನು ಪಕ್ಕಕ್ಕಿಡಿ, ನಮ್ಮ ಹುಡುಗ್ರ ಕೈ ತಾನೇ. ಹೊಸದು ಮಾಡಿ ಹಾಕಿದ್ವಿ, ಶೀಟ್ ಮಾತ್ರ ಒಳಗೆ ಹೋಗ್ಬೇಕು, ಬೆರಳು ಹೋಗ್ಬಾರ್ದು, ಅಷ್ಟೇ ಸಂದಿ. ಪೆಡಲ್ ಮೇಲೂ ಒಂದು ಕವರ್, ಮೇಲಿಂದ ಏನಾದ್ರೂ ಬಿದ್ದು ಒತ್ತಬಾರ್ದಲ್ಲ.

ಇಷ್ಟೆಲ್ಲಾ ಆದ್ಮೇಲೆ ಬ್ಲೇಡ್ ಕಡೆ ಬಂದ್ವಿ. ಅದಕ್ಕೂ ಮುಂಚೆ ಗಿಬ್, ಅಂದ್ರೆ ಗೈಡಿನ ಸಡಿಲ ಹಿಡಿಯೋ ಪಟ್ಟಿ. ಮೇಲಿನ ರ‍್ಯಾಮ್ ಎರಡೂ ಕಡೆ ಗೈಡಿನಲ್ಲಿ ಮೇಲೆ ಕೆಳಗೆ ಓಡಾಡುತ್ತಲ್ಲ, ಅಲ್ಲಿ ಸವೆದು ಸಡಿಲ ಆಗಿದ್ರೆ ಎಷ್ಟು ಗ್ಯಾಪ್ ಸೆಟ್ ಮಾಡಿದ್ರೂ ಉಪಯೋಗ ಇಲ್ಲ, ಲೋಡ್ ಬಿದ್ದ ತಕ್ಷಣ ಬ್ಲೇಡ್ ಹಿಂದಕ್ಕೆ ಸರಿಯುತ್ತೆ. ಟೈಲರ್ ಕತ್ರಿಯ ರಿವಿಟ್ ಲೂಸ್ ಆದ್ರೆ ಬಟ್ಟೆ ಕಟ್ ಆಗದೆ ಮಡಿಸ್ಕೊಂಡು ಒಳಗೆ ಹೋಗುತ್ತಲ್ಲ, ಥೇಟ್ ಅದೇ. ಗಿಬ್ ಸ್ಕ್ರೂ ಟೈಟ್ ಮಾಡಿ, ರ‍್ಯಾಮ್ ಹಿಡ್ಕೊಳ್ದೆ ಓಡಾಡೋ ಹಾಗೆ, ಆದ್ರೆ ಹಾರೆ ಹಾಕಿ ಮೀಟಿದ್ರೆ ಅಲ್ಲಾಡ್ದೆ ಇರೋ ಹಾಗೆ ಸೆಟ್ ಮಾಡಿದ್ರು. ಡಯಲ್ ಗೇಜ್ ಇಟ್ಟು ನೋಡಿದ್ದೂ ಉಂಟು, ಆದ್ರೆ ಅವ್ರ ಕೈಗೆ ಅದು ಮುಂಚೆನೇ ಗೊತ್ತಾಗಿರುತ್ತೆ.

ಬ್ಲೇಡ್ ಬಿಚ್ಚಿದ್ಮೇಲೆ ಮಾರಿದೋರ ಮಾತಿನ ಬಣ್ಣ ಬಯಲಾಯ್ತು. ಗ್ರೈಂಡ್ ಮಾಡಿಸಿದ್ದು ನಿಜ, ಆದ್ರೆ ಬ್ಲೇಡ್ ಕೂರೋ ಸೀಟಲ್ಲಿ ತುಕ್ಕು, ಹಳೇ ಬಣ್ಣ, ಸಣ್ಣ ಸಣ್ಣ ಲೋಹದ ಚೂರು ಹಂಗೇ ಕೂತಿದ್ವು, ಅದ್ರ ಮೇಲೇನೇ ಬ್ಲೇಡ್ ಇಟ್ಟು ಬೋಲ್ಟ್ ಬಿಗಿದಿದ್ರು. ಸೀಟನ್ನ ಕೆರೆದು, ಎಣ್ಣೆ ಕಲ್ಲು ಉಜ್ಜಿ, ಡೀಸೆಲಲ್ಲಿ ಒರೆಸಿ, ಕೈ ಆಡಿಸಿದ್ರೆ ಎಲ್ಲೂ ತಡೀಬಾರ್ದು ಅನ್ನೋವರೆಗೆ ಮಾಡಿದ್ವಿ. ಇನ್ನೊಂದು, ಗ್ರೈಂಡ್ ಆದಷ್ಟೂ ಬ್ಲೇಡಿನ ಎತ್ತರ ಕಮ್ಮಿ ಆಗುತ್ತೆ, ಕೆಳಗಿನ ಬ್ಲೇಡ್ ಬೆಡ್‌ಗಿಂತ ಕೆಳಗೆ ಕೂರುತ್ತೆ, ಮೇಲಿನದ್ದು ಸ್ಟ್ರೋಕ್ ಕೊನೇಲಿ ಪೂರ್ತಿ ದಾಟಲ್ಲ, ಆಗ ಶೀಟಿನ ಕೊನೇ ಅರ್ಧ ಇಂಚು ಕಟ್ ಆಗ್ದೆ ನೇತಾಡುತ್ತೆ. ಅದಕ್ಕೆ ಬ್ಲೇಡ್ ಉದ್ದಕ್ಕೂ ಒಂದೇ ದಪ್ಪದ ಪಟ್ಟಿ ಪ್ಯಾಕಿಂಗ್ ಕೊಡ್ಬೇಕು, ಅಲ್ಲಲ್ಲಿ ತುಂಡು ತುಂಡು ಇಟ್ರೆ ಬ್ಲೇಡ್ ಬಾಗಿ ಸೀಳುತ್ತೆ. ಬೋಲ್ಟ್ ಬಿಗಿಯೋದು ಮಧ್ಯದಿಂದ ಶುರು ಮಾಡಿ ಎರಡೂ ತುದಿ ಕಡೆಗೆ. ಬ್ಲೇಡಿಗೆ ನಾಲ್ಕು ಎಡ್ಜ್ ಇತ್ತು, ಒಳ್ಳೇ ಎಡ್ಜನ್ನ ಹುಡುಕಿ ಮುಂದಕ್ಕೆ ಹಾಕಿದ್ವಿ.

ಈಗ ಗ್ಯಾಪು. ಶೀಟಿನ ದಪ್ಪದ ನೂರಕ್ಕೆ 5ರಿಂದ 10 ಭಾಗ ಅನ್ನೋದು ಎಲ್ರೂ ಇಟ್ಕೊಂಡಿರೋ ಲೆಕ್ಕ, ಮೈಲ್ಡ್ ಸ್ಟೀಲಿಗೆ 6 ಅಂತ ಹಿಡೀಬಹುದು. 1 ಮಿ.ಮೀ. ಶೀಟಿಗೆ 0.06, 1.6ಕ್ಕೆ 0.1ರ ಹತ್ರ, 3 ಮಿ.ಮೀ.ಗೆ 0.18. ನಮ್ಮ ಮಿಷಿನ್ನಲ್ಲಿ ಬೆಡ್ಡನ್ನೇ ಹಿಂದೆ ಮುಂದೆ ಸರಿಸಿ ಗ್ಯಾಪ್ ಸೆಟ್ ಮಾಡೋದು, ಬೆಡ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಎರಡೂ ತುದಿಯಲ್ಲಿ ತಳ್ಳೋ ಸ್ಕ್ರೂ, ಎಳೆಯೋ ಸ್ಕ್ರೂ ಇರುತ್ತೆ. ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ಯಜಮಾನ್ರು ತಮ್ಮ ಜೇಬಿಗೆ ಹಾಕ್ಕೊಂಡ್ರು. ಆಫ್ ಮಾಡಿದ್ಮೇಲೂ ಫ್ಲೈವೀಲ್ ಬಹಳ ಹೊತ್ತು ತಿರುಗ್ತಾನೇ ಇರುತ್ತೆ, ಅದು ಪೂರ್ತಿ ನಿಲ್ಲೋವರೆಗೆ ಕೈ ಹಾಕ್ಬಾರ್ದು, ಅದ್ರಲ್ಲಿರೋ ಶಕ್ತಿ ಒಂದು ಸ್ಟ್ರೋಕಿಗೆ ಧಾರಾಳ ಸಾಕು.

ಆಮೇಲೆ ಫ್ಲೈವೀಲನ್ನ ಕೈಯಲ್ಲಿ ತಿರುಗಿಸ್ತಾ ಬ್ಲೇಡನ್ನ ಇಂಚಿಂಚಾಗಿ ಇಳಿಸಿದ್ವಿ. ಮೇಲಿನ ಬ್ಲೇಡ್ ಓರೆಯಾಗಿ ಇರೋದ್ರಿಂದ ಎರಡೂ ಬ್ಲೇಡ್ ಸೇರೋ ಜಾಗ ಒಂದೇ, ಅದು ಎಡಗಡೆಯಿಂದ ಬಲಗಡೆಗೆ ಸರೀತಾ ಹೋಗುತ್ತೆ, ಆ ಜಾಗದಲ್ಲಿ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳು) ಹಾಕಿ ನೋಡ್ಬೇಕು. ಎಡಗಡೆ 0.08, ಬಲಗಡೆ 0.08, ಖುಷಿ ಆಯ್ತು. ಮಧ್ಯದಲ್ಲಿ 0.15ರ ಎಲೆನೂ ಒಳಗೆ ಹೋಯ್ತು. ಎರಡು ತುದಿ ಮಾತ್ರ ನೋಡಿ ಬಿಟ್ಟಿದ್ರೆ ಪ್ರತಿ ಶೀಟಿನ ಮಧ್ಯದಲ್ಲೂ ಬರ್ (ಅಂಚಲ್ಲಿ ಏಳೋ ಚೂಪು ಮುಳ್ಳು) ಬರ್ತಿತ್ತು, ಕಾರಣ ಹುಡುಕ್ಕೊಂಡು ವರ್ಷ ಕಳೀತಿದ್ವಿ. ಕೆಲವು ಮಿಷಿನ್ನಲ್ಲಿ ಬೆಡ್ ಮಧ್ಯಕ್ಕೆ ತಳ್ಳೋಕೆ ಒಂದು ಸ್ಕ್ರೂ ಇರುತ್ತೆ, ನಮ್ದ್ರಲ್ಲೂ ಇತ್ತು, ಬಣ್ಣದಲ್ಲಿ ಮುಚ್ಚೋಗಿತ್ತು. ಅದನ್ನ ಬಿಡಿಸಿ ತಳ್ಳಿದ್ವಿ, ಉಳಿದ ಚೂರು ವ್ಯತ್ಯಾಸಕ್ಕೆ ಬ್ಲೇಡ್ ಹಿಂದೆ ತೆಳು ಹಿತ್ತಾಳೆ ಶಿಮ್ಮು, ಅಂದ್ರೆ ಸಂದಿಗೆ ತುಂಬೋ ತಗಡು. ಒಂದ್ಕಡೆ ಸರಿ ಮಾಡಿದ್ರೆ ಇನ್ನೊಂದ್ಕಡೆ ಕದಲುತ್ತೆ, ಮತ್ತೆ ಎಡ, ಮತ್ತೆ ಮಧ್ಯ, ಮತ್ತೆ ಬಲ. ತಾಳ್ಮೆ ಇಲ್ಲದೋರು ಈ ಕೆಲಸಕ್ಕೆ ಬರ್ಲೇಬಾರ್ದು ಅನ್ನಿಸ್ತು ನನಗಂತೂ. ಕೊನೆಗೆ ಹಳೇ ನ್ಯೂಸ್ ಪೇಪರ್ ಇಟ್ಟು ಕೈಯಲ್ಲೇ ತಿರುಗಿಸಿ ಕಟ್ ಮಾಡಿ ನೋಡಿದ್ವಿ, ಉದ್ದಕ್ಕೂ ಹರೀದೆ ನೀಟಾಗಿ ಕಟ್ ಆಯ್ತು.

ಆ ಓರೆ ಯಾಕೆ ಅಂತ ನಮ್ಮ ಹುಡುಗ ಒಬ್ಬ ಕೇಳಿದ, ಅದಕ್ಕೆ ಯಜಮಾನ್ರು ಗೋಡೆ ಮೇಲೆ ಚಾಕ್‌ಪೀಸಲ್ಲಿ ಲೆಕ್ಕ ಮಾಡಿ ತೋರಿಸಿದ್ರು. 3 ಮಿ.ಮೀ. ಶೀಟು, 2500 ಉದ್ದ, ಬ್ಲೇಡ್ ಓರೆ ಇಲ್ದೆ ಒಂದೇ ಏಟಿಗೆ ಕಟ್ ಮಾಡ್ಬೇಕಂದ್ರೆ 260 ಟನ್ ಮೇಲೆ ಬಲ ಬೇಕು. ಅದೇ 2 ಡಿಗ್ರಿ ಓರೆ ಕೊಟ್ರೆ ಯಾವ ಹೊತ್ತಲ್ಲೂ ಸ್ವಲ್ಪ ಜಾಗ ಮಾತ್ರ ಕಟ್ ಆಗ್ತಿರುತ್ತೆ, 4ರಿಂದ 5 ಟನ್ ಸಾಕು. ದಪ್ಪ ಡಬಲ್ ಆದ್ರೆ ಬಲ ನಾಲ್ಕು ಪಟ್ಟು ಅನ್ನೋದೂ ಅದೇ ಲೆಕ್ಕದಲ್ಲಿ ಬರುತ್ತೆ, 4 ಮಿ.ಮೀ. ಮಿಷಿನ್ನಿಗೆ 'ಒಂದೇ ಒಂದು ಪೀಸು ಅಣ್ಣಾ' ಅಂತ 6 ಮಿ.ಮೀ. ತುರುಕಿದ್ರೆ ಏನಾಗುತ್ತೆ ಅಂತ ಆ ಹುಡುಗನಿಗೂ ಅರ್ಥ ಆಯ್ತು. ಈ ಓರೆಗೆ ಕೊಡೋ ಬೆಲೆ ಏನಂದ್ರೆ ಸಣ್ಣ ಪಟ್ಟಿ ತಿರುಚ್ಕೊಂಡು ಬೀಳುತ್ತೆ. 2 ಮಿ.ಮೀ. ಶೀಟಲ್ಲಿ 20 ಅಗಲದ ಪಟ್ಟಿ ಕಟ್ ಮಾಡಿದ್ರೆ ಸುರುಳಿ ಸುತ್ತಿದ ಹಾಗೆ ಬರುತ್ತೆ, ಅದು ಮಿಷಿನ್ ದೋಷ ಅಲ್ಲ, ನಮ್ಮ ಮಿಷಿನ್ನಲ್ಲಿ ಓರೆ ಫಿಕ್ಸು, ಅದಕ್ಕೆ ಅಂಥ ಪಟ್ಟಿ ನಾವು ಈಗಲೂ ಹೊರಗಡೇನೇ ಮಾಡಿಸ್ತೀವಿ.

ಮೊದಲನೇ ಶೀಟ್ 1.6 ಮಿ.ಮೀ. ಕೋಲ್ಡ್ ರೋಲ್ಡ್ ಉಕ್ಕು, ಅಂದ್ರೆ ಸಿಆರ್‌ಸಿಎ. ಕಟ್ ಆದ ಪೀಸನ್ನ ಯಜಮಾನ್ರು ಎತ್ಕೊಂಡು ಅಳತೆ ಗಿಳತೆ ಏನೂ ನೋಡ್ದೆ ಬೆಳಕಿಗೆ ಹಿಡಿದು ಎಡ್ಜ್ ತೋರಿಸಿದ್ರು ನಂಗೆ. ಮೇಲಿಂದ ಮೂರನೇ ಒಂದು ಭಾಗ ಮಿರಮಿರ ಹೊಳೀತಾ ಇರ್ಬೇಕು, ಅದು ಬ್ಲೇಡ್ ಕೊಯ್ದಿದ್ದು, ಉಳಿದಿದ್ದು ಮಂಕಾಗಿ ಒರಟಾಗಿರುತ್ತೆ, ಅದು ತಾನಾಗೇ ಮುರಿದಿದ್ದು. ಮೇಲಿನ ಅಂಚು ಬಾಗಿ ಗುಂಡಗಾಗಿ ಕೆಳಗೆ ಕೈಗೆ ಚುಚ್ಚೋ ಬರ್ ಇದ್ರೆ ಗ್ಯಾಪ್ ಜಾಸ್ತಿ. ಹೊಳಪಿನ ಪಟ್ಟಿ ಒಂದರ ಬದ್ಲು ಎರಡು ಕಂಡು ಮಧ್ಯ ಹರಿದಂಗಿದ್ರೆ ಗ್ಯಾಪ್ ಕಮ್ಮಿ, ಹಂಗೇ ಓಡಿಸಿದ್ರೆ ಬ್ಲೇಡ್ ಎಡ್ಜ್ ಚಕ್ಕೆ ಏಳುತ್ತೆ. ಗ್ಯಾಪ್ ಸರಿ ಇದ್ದೂ ಬರ್ ಬಂದ್ರೆ ಮಾತ್ರ ಬ್ಲೇಡ್ ಮೊಂಡು. ನಮ್ಮ ಕಡೆ ಬರ್ ಬಂದ ತಕ್ಷಣ ಬ್ಲೇಡನ್ನ ಗ್ರೈಂಡಿಂಗಿಗೆ ಕಳಿಸ್ಬಿಡ್ತಾರೆ, ಅರ್ಧಕ್ಕರ್ಧ ಸಲ ಅದು ಬೇಕಾಗೇ ಇರಲ್ಲ ಅಂತ ಯಜಮಾನ್ರ ವಾದ, ಈಗ ನಂದೂ ಅದೇ.

ಹೋಲ್ಡ್ ಡೌನ್ ಪ್ಯಾಡುಗಳ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಬ್ಲೇಡ್ ಶೀಟನ್ನ ಮುಟ್ಟೋಕೆ ಮುಂಚೆನೇ ಪ್ಯಾಡ್ ಒತ್ತಿ ಹಿಡ್ಕೊಂಡಿರ್ಬೇಕು. ಪ್ರತಿ ಪ್ಯಾಡ್ ಕೆಳಗೂ ಪೇಪರ್ ಪಟ್ಟಿ ಇಟ್ಟು, ಫ್ಲೈವೀಲನ್ನ ಕೈಯಲ್ಲಿ ತಿರುಗಿಸಿ ಪ್ಯಾಡ್ ಕೂರೋ ತನಕ ಮಾತ್ರ ಇಳಿಸಿ, ಎಳೆದು ನೋಡೋದು, ಸಲೀಸಾಗಿ ಬಂದ್ರೆ ಆ ಪ್ಯಾಡಿನ ಸ್ಪ್ರಿಂಗ್ ಸತ್ತಿದೆ. ನಮ್ದ್ರಲ್ಲಿ ಬಲಗಡೆ ಕೊನೇ ಎರಡು ಸತ್ತಿದ್ವು, ಅದೇ ಕಾರಣಕ್ಕೆ ಕಟ್ ಆಗೋ ಹೊತ್ತಿಗೆ ಶೀಟ್ ಕೊನೇಲಿ ಒಳಕ್ಕೆ ಜಾರ್ತಿತ್ತು.

ಬ್ಯಾಕ್ ಗೇಜ್ (ಅಳತೆಗೆ ಶೀಟ್ ತಾಗಿ ನಿಲ್ಲೋ ಹಿಂದಿನ ತಡೆ) ಸೆಟ್ ಮಾಡೋದು ಸುಲಭ, ಎರಡೂ ಕಡೆ ಸ್ಕ್ರೂ ರಾಡ್ ಇರುತ್ತೆ, ಒಂದ್ಕಡೆ ಕಪ್ಲಿಂಗ್ ಸಡಿಲ ಮಾಡಿ ಆ ಕಡೆ ಮಾತ್ರ ತಿರುಗಿಸಿ, ಪಟ್ಟಿ ಕಟ್ ಮಾಡಿ, ಎರಡು ತುದಿ ವರ್ನಿಯರಲ್ಲಿ ಅಳೆದು ಸಮ ಬರೋವರೆಗೆ. ಇಂಡಿಕೇಟರಲ್ಲಿ ಏನು ತೋರಿಸುತ್ತೆ ಅನ್ನೋದು ಆಮೇಲಿನ ಮಾತು. ಸ್ಕ್ರೂನಲ್ಲಿ ಸ್ವಲ್ಪ ಪ್ಲೇ ಇದ್ದೇ ಇರುತ್ತೆ, ಅದಕ್ಕೆ ಯಾವಾಗ್ಲೂ ಒಂದೇ ದಿಕ್ಕಿಂದ ಅಳತೆಗೆ ಬಂದು ನಿಲ್ಲಿಸೋದು.

ಸ್ಕ್ವೇರಿಂಗ್ ಆರ್ಮು (ಶೀಟಿನ ಪಕ್ಕದ ಅಂಚನ್ನ ಬ್ಲೇಡಿಗೆ ಮೂಲೆಮಟ್ಟವಾಗಿ ಕೂರಿಸೋ ಪಟ್ಟಿ) ಪ್ಯಾನಲ್ ಕೆಲಸದಲ್ಲಿ ಪ್ರಾಣ. ಮೂಲೆಮಟ್ಟ ಇಟ್ಟು ಅಂದಾಜಿಗೆ ಕೂರಿಸಿ, 1000ಕ್ಕೆ 600 ಪೀಸ್ ಕಟ್ ಮಾಡಿ ಎರಡೂ ಡಯಾಗನಲ್ ಟೇಪ್ ಹಿಡಿದ್ವಿ. ಆರ್ಮು ಮೀಟರಿಗೆ 1 ಮಿ.ಮೀ. ಓರೆ ಇದ್ರೆ ಈ ಸೈಜಲ್ಲಿ ಡಯಾಗನಲ್ ವ್ಯತ್ಯಾಸ ಹತ್ರ ಹತ್ರ 1 ಮಿ.ಮೀ. ಬರುತ್ತೆ, ಡೋರು ಬೆಂಡ್ ಆದ್ಮೇಲೆ ಫ್ರೇಮಿನ ಸಂದಿಯಲ್ಲಿ ಅದು ಎದ್ದು ಕಾಣುತ್ತೆ. ಜಾಬ್ ವರ್ಕಿನೋರ ಜೊತೆ ನಾವು ಜಗಳ ಆಡ್ತಿದ್ದುದೂ ಆರ್ಮ್ ಹಿಡಿದಿರೋ ಈ ಒಂದು ಬೋಲ್ಟಿನ ವಿಷಯಕ್ಕೇ ಅಂತ ಆಗ ಗೊತ್ತಾಯ್ತು. ಆರ್ಮ್ ಸರಿ ಆದ್ಮೇಲೆ ಅದಕ್ಕೆ ಡೋವೆಲ್ ಪಿನ್ ಹೊಡೆದ್ವಿ, ಯಾರಾದ್ರೂ ಶೀಟ್ ತಂದು ಗುದ್ದಿದ್ರೂ ಕದಲಬಾರ್ದು.

ಇನ್ನೂ ಬಗೆಹರೀದೇ ಇರೋದು ಒಂದಿದೆ. 1 ಮಿ.ಮೀ. ಶೀಟು, ಹಿಂದೆ ಅರ್ಧ ಮೀಟರ್ ದಾಟಿದ್ರೆ ಜೋತು ಬೀಳುತ್ತೆ, ಗೇಜಿಗೆ ಸರಿಯಾಗಿ ತಾಗಲ್ಲ, ಅಳತೆ ಒಂದೆರಡು ಮಿ.ಮೀ. ಜಾಸ್ತಿ ಬರುತ್ತೆ. ಹೊಸ ಮಿಷಿನ್ನಲ್ಲಿ ಇದಕ್ಕೆ ಗಾಳಿಯಲ್ಲಿ ಏಳೋ ಸಪೋರ್ಟ್ ಕೊಡ್ತಾರೆ. ನಾವು ಸದ್ಯಕ್ಕೆ ಅಂಥ ಪೀಸಿಗೆ ಮುಂದಿನ ಆರ್ಮಿನ ಮೇಲೆ ಸ್ಟಾಪರ್ ಇಟ್ಟು ಮುಂದಿಂದಲೇ ಅಳತೆ ಹಿಡೀತೀವಿ.

ಗ್ಯಾಪನ್ನ ದಪ್ಪ ಬದಲಾದಾಗೆಲ್ಲ ಬದಲಾಯಿಸ್ಬೇಕು ಅಂತ ಪುಸ್ತಕದಲ್ಲಿರುತ್ತೆ, ಬೆಡ್ ಸರಿಸೋ ಮಿಷಿನ್ನಲ್ಲಿ ದಿನಾ ಅದು ಆಗೋ ಮಾತಲ್ಲ. ನಮ್ಮ ಕೆಲಸ ಬಹುಪಾಲು 1.2ರಿಂದ 2 ಮಿ.ಮೀ., ಅದಕ್ಕೆ 0.08ಕ್ಕೆ ಸೆಟ್ ಮಾಡಿ ಬಿಟ್ಟಿದೀವಿ. 0.8 ಜಿಐ (ಸತು ಲೇಪದ ಶೀಟು) ಬಂದ್ರೆ ಸ್ವಲ್ಪ ಬರ್ ಬರುತ್ತೆ, ಫೈಲ್ ಹೊಡೀತೀವಿ. 3 ಮಿ.ಮೀ. ಬೇಕಂದ್ರೆ ಲೇಸರಿಗೆ ಕಳಿಸ್ತೀವಿ, ಅಷ್ಟಕ್ಕೋಸ್ಕರ ಸೆಟ್ಟಿಂಗ್ ಕೆಡಿಸಲ್ಲ. ಬ್ಲೇಡಿನ ಎರಡನೇ ಎಡ್ಜ್ ಈಗ ಓಡ್ತಿದೆ, ತಿರುಗಿಸಿ ಹಾಕ್ದಾಗ ಮತ್ತೆ ಯಜಮಾನ್ರನ್ನ ಕರೆಸಿದ್ವಿ, ಅವ್ರು ಬಂದು ಕುರ್ಚಿ ಹಾಕ್ಕೊಂಡು ಕೂತು, ಫೀಲರ್ ಗೇಜನ್ನ ನಮ್ಮ ಹುಡುಗನ ಕೈಗೆ ಕೊಟ್ಟು 'ನೀನೇ ಮಾಡು, ಮಧ್ಯದಿಂದ ಶುರು ಮಾಡು' ಅಂದ್ರು.